ಅಂಚಿಗೆ ತಿಳಿಬಣ್ಣ ಎಳೆಯುವ ಮುನ್ನ

ವಾರ್‌ಹ್ಯಾಮರ್‌ನ ಸ್ಪೇಸ್ ಮರೀನ್‌ಗಳಂಥ ಮೇಜಿನಾಟದ ಪುಟ್ಟ ಯೋಧರಿಗೆ ಬಣ್ಣ ಹಚ್ಚುವವರು ಎಡ್ಜ್ ಹೈಲೈಟ್ (ಏಣುಗಳಿಗೆ ಎಳೆಯುವ ತಿಳಿಬಣ್ಣದ ಗೆರೆ) ಎಂದೊಡನೆ ಅತಿ ಸಣ್ಣ ಬ್ರಷ್ ಹುಡುಕಲು ಹೊರಡುತ್ತಾರೆ. ಬೇಡ. ಅಂಥದ್ದರ ತುದಿಯಲ್ಲಿ ಬಣ್ಣ ಗೊಂಬೆಯನ್ನು ಮುಟ್ಟುವ ಮೊದಲೇ ಒಣಗಿಬಿಡುತ್ತದೆ. ತುದಿ ಚೂಪಾಗಿರುವ 1ನೇ ನಂಬರಿನ ಬ್ರಷ್ ಸಾಕು. ಬಣ್ಣಕ್ಕೆ ಚೂರು ನೀರು ಬೆರೆಸಿ, ಹೆಚ್ಚಾದದ್ದನ್ನು ಟಿಶ್ಯೂಗೆ ಒರೆಸಿ, ಬ್ರಷ್ಷಿನ ತುದಿಯಿಂದಲ್ಲ, ಪಕ್ಕದಿಂದ ಭುಜಕವಚದ ಏಣನ್ನು ಸವರಿ. ಏಣು ತಾನೇ ಬಣ್ಣ ಎಳೆದುಕೊಳ್ಳುತ್ತದೆ. ಬ್ರಷ್ಷಿನ ಪಕ್ಕ ತಲುಪದ ಸಂದಿಗಳಿಗೆ ಮಾತ್ರ ತುದಿ ಬೇಕು.

ತುಪ್ಪಳ, ಸರಪಳಿ ಅಂಗಿ, ಕಲ್ಲುಗಳಿಗೆ ಗೆರೆ ಎಳೆಯುತ್ತ ಕೂರಬೇಡಿ, ಬಣ್ಣವನ್ನು ಬಹುತೇಕ ಒರೆಸಿದ ಬ್ರಷ್ಷನ್ನು ಉಬ್ಬುಗಳ ಮೇಲೆ ಆಡಿಸಿ, ಅಂದರೆ ಡ್ರೈಬ್ರಷ್ ಮಾಡಿ ಮುಗಿಸಿ. ನುಣುಪಾದ ಕವಚದ ಮೇಲಾದರೆ ಅದೇ ಡ್ರೈಬ್ರಷ್ ಸುಣ್ಣದ ಪುಡಿ ಎರಚಿದಂತೆ ಕಾಣುತ್ತದೆ.

ನೀಲಿ ಕವಚದ ಅಲ್ಟ್ರಾಮರೀನ್ಸ್ ಪಡೆಯಾದರೆ ಮೂಲ ಬಣ್ಣವಾದ ಮ್ಯಾಕ್ರಾಗ್ ಬ್ಲೂ ಮೇಲೆ ಕ್ಯಾಲ್ಗರ್ ಬ್ಲೂ, ಮೂಲೆಗಳಿಗಷ್ಟೇ ಫೆನ್ರಿಸಿಯನ್ ಗ್ರೇ. ಕೆಂಪಿಗೆ ಬಿಳಿ ಬೆರೆಸಿದರೆ ಗುಲಾಬಿಯಾದೀತು, ಕಿತ್ತಳೆಯತ್ತ ಹೋಗಿ. 50 ಸೈನಿಕರಿದ್ದರೆ ತಲೆ, ಭುಜ, ಆಯುಧಕ್ಕಷ್ಟೇ ಗೆರೆ ಸಾಕು. ಮೇಜಿನಾಚೆ ಕೂತ ಎದುರಾಳಿ ಮೊಣಕಾಲು ನೋಡುವುದಿಲ್ಲ ಬಿಡಿ. ಗೆರೆ ದಪ್ಪವಾಯಿತೇ? ಒಣಗಲು ಬಿಟ್ಟು, ಮೂಲ ಬಣ್ಣವನ್ನೇ ಒಳಬದಿಯಿಂದ ತಂದು ತೆಳುವಾಗಿಸಿ.