ಯಾವ ರೋಗ ಮೊದಲು? ನ್ಯಾಮತಿಯ ದನ-ಕುರಿಗಳಿಗೊಂದು ಮ್ಯಾಟ್ರಿಕ್ಸ್

ಎಂಜಿನಿಯರಿಂಗ್ ಕಾಲೇಜಿನ ಪತ್ರಿಕೆಯಲ್ಲಿ ದನದ ರೋಗದ ಲೇಖನ ಯಾಕಪ್ಪಾ ಅನ್ನಿಸಬಹುದು. ವಿಷಯ ದನದ್ದು, ಆದರೆ ಲೆಕ್ಕ ನಮ್ಮದೇ. ದುಡ್ಡು ಕಮ್ಮಿ, ಜನ ಕಮ್ಮಿ, ಸಮಯ ಕಮ್ಮಿ. ಸಮಸ್ಯೆಗಳು ಮಾತ್ರ ಹತ್ತಾರು. ಮೊದಲು ಯಾವುದಕ್ಕೆ ಕೈ ಹಾಕಬೇಕು? ಪ್ರಾಜೆಕ್ಟ್ ಆಯ್ಕೆ ಮಾಡುವಾಗ ನಾವು ಡಿಸಿಷನ್ ಮ್ಯಾಟ್ರಿಕ್ಸ್ ಹಾಕ್ತೀವಲ್ಲ, ಪಶುವೈದ್ಯ ವಿಜ್ಞಾನಿಗಳೂ ಅದನ್ನೇ ಮಾಡ್ತಾರೆ. ಯುರೋಪಿನಲ್ಲಿ ಡಿಸ್‌ಕಾನ್‌ಟೂಲ್ಸ್ ಅನ್ನೋ ವ್ಯವಸ್ಥೆ ಇದೆ. ಒಂದೊಂದು ಪ್ರಾಣಿರೋಗಕ್ಕೂ ಅಂಕ ಕೊಟ್ಟು, ಯಾವುದಕ್ಕೆ ಲಸಿಕೆ ಬೇಕು, ಯಾವುದಕ್ಕೆ ಪತ್ತೆ ಪರೀಕ್ಷೆ ಬೇಕು ಅಂತ ಅದು ಪಟ್ಟಿ ಮಾಡುತ್ತೆ. ಅದೇ ಕೆಲಸವನ್ನು ನಮ್ಮ ನ್ಯಾಮತಿಗೆ ಮಾಡಿದರೆ ಏನಾಗುತ್ತೆ ನೋಡೋಣ.

ಹಂತ 1: ಪಟ್ಟಿ ಮಾಡೋದು

1997ರಲ್ಲಿ ದಾವಣಗೆರೆ ಜಿಲ್ಲೆ ಆಗೋವರೆಗೂ ನಮ್ಮ ಭಾಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ನ್ಯಾಮತಿಯೇ ಒಂದು ತಾಲ್ಲೂಕಾಯಿತು. ಒಂದು ಕಡೆ ಮಲೆನಾಡಿನ ಅಂಚು, ಇನ್ನೊಂದು ಕಡೆ ಮೆಕ್ಕೆಜೋಳದ ಬಯಲು. ಹಸು, ಎಮ್ಮೆ, ಆಡು, ಕುರಿ, ನಾಟಿಕೋಳಿ ಎಲ್ಲವೂ ಉಂಟು. ಅದೇ ಜಿಲ್ಲೆಯ ಜಗಳೂರಿಗೆ ಹೋದರೆ ಒಣಭೂಮಿ, ಕುರಿ ಹಿಂಡುಗಳು. ನಮ್ಮ ಲೆಕ್ಕಕ್ಕೆ ನಾಲ್ಕೇ ರೋಗ ತಗೊಳ್ಳೋಣ.

ಕಾಲುಬಾಯಿ ಜ್ವರ: ದನದ ಬಾಯಿ, ಗೊರಸಿನಲ್ಲಿ ಹುಣ್ಣು. ದೊಡ್ಡ ದನ ಸಾಯೋದು ಕಮ್ಮಿ, ಆದರೆ ಹಾಲು ಇಳಿದುಹೋಗುತ್ತೆ, ಎತ್ತು ಉಳುಮೆಗೆ ಬರಲ್ಲ, ಎಳೆಗರು ಸಾಯುತ್ತೆ. ಬಹಳ ಬೇಗ ಹರಡುತ್ತೆ.

ಕಂದು ರೋಗ, ಅಂದ್ರೆ ಬ್ರುಸೆಲ್ಲೋಸಿಸ್: ಗಬ್ಬದ ಹಸು ಕಂದು ಹಾಕುತ್ತೆ. ಹಸಿ ಹಾಲು ಕುಡಿದವರಿಗೆ, ಕಂದು ಹಾಕಿದಾಗ ಬರಿಗೈಯಲ್ಲಿ ಎತ್ತಿ ಹಾಕಿದವರಿಗೆ ರೋಗ ದಾಟುತ್ತೆ. ಬಂದು ಹೋಗಿ ಮಾಡೋ ಜ್ವರ, ಕೀಲುನೋವು ಬಹಳ ದಿನ ಕಾಡುತ್ತೆ.

ಪಿಪಿಆರ್: ಆಡು-ಕುರಿಗಳ ರೋಗ. ಮೂಗು ಸೋರೋದು, ಭೇದಿ, ನ್ಯುಮೋನಿಯಾ. ಹಿಂಡಿಗೆ ಹೊಕ್ಕರೆ ಹಿಂಡನ್ನೇ ಮಲಗಿಸಬಲ್ಲದು. ಮನುಷ್ಯರಿಗೆ ಬರಲ್ಲ.

ಮಂಗನ ಕಾಯಿಲೆ: 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ್ದು. ಉಣ್ಣೆಗಳಿಂದ ಬರೋ ವೈರಸ್. ಮಂಗಗಳು ಸಾಯ್ತವೆ, ಜನರಿಗೂ ಬರುತ್ತೆ. ಜ್ವರ ಬಂದ ನೂರು ಜನರಲ್ಲಿ 3ರಿಂದ 5 ಜನ ಸಾಯಬಹುದು ಅಂತ ಅಂದಾಜು.

ಹಂತ 2: ಸ್ಕೋರ್ ಕೊಡೋದು

ಮೂರು ಅಳತೆ: ಸಾಕುಪ್ರಾಣಿಯಿಂದ ಆಗೋ ನಷ್ಟ, ಮನುಷ್ಯರಿಗೆ ಅಪಾಯ, ಹರಡುವ ವೇಗ. ಪ್ರತಿಯೊಂದಕ್ಕೂ 1ರಿಂದ 5. ಈ ಅಂಕಗಳು ಪಾಠಕ್ಕಾಗಿ ನಾನೇ ಹಾಕಿರೋವು, ಯಾವ ಸರ್ವೆಯದ್ದೂ ಅಲ್ಲ. ನಿಮಗೆ ಒಪ್ಪಿಗೆ ಇಲ್ಲದಿದ್ರೆ ಬದಲಾಯಿಸಿ ನೋಡಿ.

ಕಾಲುಬಾಯಿ ಜ್ವರ: 4 + 1 + 5 = 10
ಕಂದು ರೋಗ: 3 + 4 + 2 = 9
ಪಿಪಿಆರ್: 4 + 1 + 4 = 9
ಮಂಗನ ಕಾಯಿಲೆ: 1 + 5 + 2 = 8

ಕಾಲುಬಾಯಿ ಜ್ವರ ಫಸ್ಟ್, ಮಂಗನ ಕಾಯಿಲೆ ಲಾಸ್ಟ್. ಕೆಲಸ ಮುಗೀತಾ? ಇಲ್ಲ, ಈಗ ಶುರು.

ಹಂತ 3: ವೇಟ್ ಯಾರು ಕೊಡ್ತಾರೆ?

ಮೇಲಿನ ಲೆಕ್ಕದಲ್ಲಿ ಮೂರೂ ಅಳತೆಗೆ ಒಂದೇ ತೂಕ ಕೊಟ್ಟಿದ್ದೀವಿ. ಅದೂ ಒಂದು ತೀರ್ಮಾನವೇ. ಮನುಷ್ಯರಿಗೆ ಆಗೋ ಅಪಾಯದ ತೂಕವನ್ನು ಎರಡು ಪಟ್ಟು ಮಾಡಿ. ಕಂದು ರೋಗ 13, ಮಂಗನ ಕಾಯಿಲೆ 13, ಕಾಲುಬಾಯಿ ಜ್ವರ 11, ಪಿಪಿಆರ್ 10. ಕೊನೆಯಲ್ಲಿದ್ದದ್ದು ಜಂಟಿಯಾಗಿ ಮೊದಲನೇ ಸ್ಥಾನಕ್ಕೆ ಬಂತು. ರೋಗ ಯಾವುದೂ ಬದಲಾಗಿಲ್ಲ, ಬದಲಾಗಿದ್ದು ನಮ್ಮ ವೇಟ್ ಮಾತ್ರ.

ಇನ್ನು ಜಗಳೂರಿನ ಕುರಿಗಾಹಿಯ ಕಡೆಯಿಂದ ನೋಡಿ. ಅವರ ಹತ್ತಿರ ಹಸು ಇಲ್ಲ ಅಂದುಕೊಳ್ಳಿ. ಕುರಿಗಳಲ್ಲಿ ಕಾಲುಬಾಯಿ ಜ್ವರ ಸಾಮಾನ್ಯವಾಗಿ ಸೌಮ್ಯ, ಹಾಗಾಗಿ ಅವರ ಪಾಲಿಗೆ ನಷ್ಟದ ಅಂಕ 4 ಅಲ್ಲ, 2. ನಷ್ಟಕ್ಕೆ ಎರಡು ಪಟ್ಟು ತೂಕ ಕೊಟ್ಟರೆ ಕಾಲುಬಾಯಿ ಜ್ವರಕ್ಕೆ 10, ಪಿಪಿಆರ್‌ಗೆ 13. ಎರಡು ಹಸು ಇರೋ ಮನೆಯವರು, ಐವತ್ತು ಕುರಿ ಇರೋ ಮನೆಯವರು, ನಾಲ್ಕು ನಾಟಿಕೋಳಿ ಮಾತ್ರ ಇರೋ ಅಜ್ಜಿ, ಒಬ್ಬೊಬ್ಬರ ಪಟ್ಟಿ ಒಂದೊಂದು ಥರ. ಕೋಳಿಗೆ ಬರೋ ಕೊಕ್ಕರೆ ರೋಗ ನನ್ನ ನಾಲ್ಕರ ಪಟ್ಟಿಯಲ್ಲಿ ಇಲ್ಲವೇ ಇಲ್ಲ ಅನ್ನೋದನ್ನ ಗಮನಿಸಿದ್ರಾ? ಆ ಅಜ್ಜಿ ಮೀಟಿಂಗಿಗೆ ಬಂದಿದ್ದರೆ ಅದು ಪಟ್ಟಿಯಲ್ಲಿ ಇರ್ತಿತ್ತು. ಅದಕ್ಕೇ ಸ್ಕೋರ್ ಹಾಕೋ ಟೇಬಲ್ ಸುತ್ತ ಯಾರು ಕೂತಿದ್ದಾರೆ ಅನ್ನೋದು ಮೊದಲು ಕೇಳಬೇಕಾದ ಪ್ರಶ್ನೆ.

ಹಂತ 4: ಹತೋಟಿ ಬೇರೆ, ಸಂಶೋಧನೆ ಬೇರೆ

ಬಹಳ ಜನ ಇವೆರಡನ್ನೂ ಒಂದೇ ಪಟ್ಟಿಗೆ ತುಂಬ್ತಾರೆ. ಆದರೆ ಒಂದು ರೋಗ ದೊಡ್ಡದು ಅಂದ ಮಾತ್ರಕ್ಕೆ ಅದಕ್ಕೆ ಸಂಶೋಧನೆ ಬೇಕು ಅಂತೇನಿಲ್ಲ. ಕೈಯಲ್ಲಿರೋ ಸಾಧನ ಎಷ್ಟು ಚೆನ್ನಾಗಿದೆ ಅನ್ನೋದನ್ನೂ ನೋಡಬೇಕು.

ಪಿಪಿಆರ್‌ಗೆ ನಮ್ಮ ದೇಶದಲ್ಲೇ ತಯಾರಾಗೋ ಒಳ್ಳೆ ಲಸಿಕೆ ಇದೆ, ಒಂದು ಸಲ ಹಾಕಿದರೆ ವರ್ಷಗಟ್ಟಲೆ ರಕ್ಷಣೆ. ಸಾಧನಕ್ಕೆ 5. ಕಾಲುಬಾಯಿ ಜ್ವರದ ಲಸಿಕೆ ಇದೆ, ಆದರೆ ಆರಾರು ತಿಂಗಳಿಗೆ ಮತ್ತೆ ಹಾಕಬೇಕು, ನಮ್ಮ ದೇಶದಲ್ಲಿ ಓ, ಎ, ಏಷ್ಯಾ-1 ಅಂತ ಮೂರು ಬಗೆಯ ವೈರಸ್‌ಗೂ ಅದು ಕೆಲಸ ಮಾಡಬೇಕು. ಅದಕ್ಕೆ 3. ಕಂದು ರೋಗದ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣುಗರುಗಳಿಗೆ ಮಾತ್ರ ಹಾಕ್ತಾರೆ. ಅದು ಜೀವಂತ ಲಸಿಕೆ, ಹಾಕುವವರಿಗೂ ಸೋಂಕು ತಗುಲದಂತೆ ಹುಷಾರಾಗಿರಬೇಕು. ಅದಕ್ಕೂ 3. ಮಂಗನ ಕಾಯಿಲೆಗೆ ಹಳೇ ಲಸಿಕೆ ಇತ್ತು, ಪರಿಣಾಮ ಸಾಲದು ಅಂತ 2022ರಲ್ಲಿ ಅದನ್ನು ನಿಲ್ಲಿಸಿದರು. ಅದಾದ ಮೇಲೆ ಉಳಿದದ್ದು ಮೈಗೆ ಹಚ್ಚಿಕೊಳ್ಳೋ ಡೇಪಾ ಎಣ್ಣೆ, ಸತ್ತ ಮಂಗದ ಸುತ್ತ ಔಷಧಿ ಸಿಂಪಡಿಸೋದು, ಎಚ್ಚರ. ಅದಕ್ಕೆ 1.

ಈಗ ಹಂತ 2ರ ಮೊತ್ತವನ್ನು ಸಾಧನದ ಅಂಕದಿಂದ ಗುಣಿಸಿ. ಇದು ಹತೋಟಿ ಪಟ್ಟಿ:
ಪಿಪಿಆರ್ 45, ಕಾಲುಬಾಯಿ ಜ್ವರ 30, ಕಂದು ರೋಗ 27, ಮಂಗನ ಕಾಯಿಲೆ 8.

ಸಾಧನದ ಕೊರತೆಯಿಂದ, ಅಂದರೆ 6ರಲ್ಲಿ ಸಾಧನದ ಅಂಕ ಕಳೆದು, ಗುಣಿಸಿ. ಇದು ಸಂಶೋಧನೆ ಪಟ್ಟಿ:
ಮಂಗನ ಕಾಯಿಲೆ 40, ಕಾಲುಬಾಯಿ ಜ್ವರ 30, ಕಂದು ರೋಗ 27, ಪಿಪಿಆರ್ 9.

ಪಟ್ಟಿಯ ಮೊದಲನೆಯದೂ ಕೊನೆಯದೂ ಅದಲುಬದಲಾದವು! ಪಿಪಿಆರ್‌ಗೆ ಲ್ಯಾಬ್‌ಗಿಂತ ಐಸ್ ಬಾಕ್ಸ್, ಸಿರಿಂಜ್, ಹಳ್ಳಿಗೆ ಹೋಗೋ ಜನ ಬೇಕು. ಮಂಗನ ಕಾಯಿಲೆಗೆ ಲ್ಯಾಬೇ ಬೇಕು. ಅದು ಕಮ್ಮಿ ಜನರಿಗೆ ಬರುತ್ತೆ, ಕಾಡಂಚಿನಲ್ಲಿ ಸೌದೆಗೆ, ತರಗೆಲೆಗೆ ಹೋಗುವವರಿಗೇ ಹೆಚ್ಚು ಬರುತ್ತೆ. ಸುಮ್ಮನೆ ಕೂಡೋ ಲೆಕ್ಕದಲ್ಲಿ ಇಂಥವರ ರೋಗ ಯಾವಾಗಲೂ ಕೆಳಗೇ ಉಳಿಯುತ್ತೆ. 1957ರಿಂದ ಇಷ್ಟು ವರ್ಷ ಆಗಿದೆ ಅನ್ನೋದನ್ನ ನೆನಪಿಡಿ.

ಇನ್ನೊಂದು ಸೂಕ್ಷ್ಮ ಇದೆ. ಮಂಗನ ಕಾಯಿಲೆಯಿಂದ ದನ ಸಾಯಲ್ಲ, ಅದಕ್ಕೇ ನಷ್ಟಕ್ಕೆ 1 ಕೊಟ್ಟೆ. ಆದರೆ ಕಾಡಿಗೆ ಮೇಯಲು ಹೋದ ದನದ ರಕ್ತ ಕುಡಿದೇ ದೊಡ್ಡ ಉಣ್ಣೆಗಳು ಸಂಖ್ಯೆ ಹೆಚ್ಚಿಸಿಕೊಳ್ತವೆ. ನಷ್ಟದ ಕಾಲಂನಲ್ಲಿ ಕಾಣದ ದನ, ರೋಗದ ದಾರಿಯಲ್ಲಿ ಮುಖ್ಯ ಪಾತ್ರಧಾರಿ.

ಹಂತ 5: ಕಾಣದ್ದಕ್ಕೂ ಅಂಕ ಬೇಕು

ಮೆಕ್ಯಾನಿಕಲ್‌ನವರಿಗೆ ಎಫ್‌ಎಂಇಎ ಗೊತ್ತು. ತೀವ್ರತೆ, ಎಷ್ಟು ಸಲ ಆಗುತ್ತೆ, ಪತ್ತೆ ಮಾಡೋದು ಎಷ್ಟು ಕಷ್ಟ, ಈ ಮೂರನ್ನೂ ಗುಣಿಸ್ತೀವಿ. ಪತ್ತೆ ಕಷ್ಟವಾದಷ್ಟೂ ಅಂಕ ಜಾಸ್ತಿ. ಪ್ರಾಣಿರೋಗದ ಪಟ್ಟಿಯಲ್ಲಿ ಸುಲಭವಾಗಿ ಬಿಟ್ಟುಹೋಗೋದು ಇದೇ. ಕಾಲುಬಾಯಿ ಜ್ವರ ಬಂದರೆ ದನದ ಜೊಲ್ಲು ನೋಡಿಯೇ ಊರಿಗೆಲ್ಲ ಗೊತ್ತಾಗುತ್ತೆ, ಆಸ್ಪತ್ರೆ ರಿಜಿಸ್ಟರಿಗೂ ಬರುತ್ತೆ. ಕಂದು ರೋಗದಲ್ಲಿ ಹಸು ಒಂದು ಸಲ ಕಂದು ಹಾಕಿ ಸುಮ್ಮನಾಗುತ್ತೆ, "ಏನೋ ದೃಷ್ಟಿ ಆಯ್ತು" ಅಂತ ಬಿಡ್ತಾರೆ. ಹಾಲು ಕರೆಯುವ ಅಮ್ಮನಿಗೆ ಜ್ವರ ಬಂದರೆ ಟೈಫಾಯಿಡ್ ಅಂತಲೋ ಮಲೇರಿಯಾ ಅಂತಲೋ ಔಷಧಿ ನಡೆಯುತ್ತೆ. ರಿಜಿಸ್ಟರಿನಲ್ಲಿ ಇಲ್ಲ, ಹಾಗಾಗಿ ಸ್ಕೋರ್ ಕಮ್ಮಿ, ಹಾಗಾಗಿ ಪರೀಕ್ಷೆಗೆ ದುಡ್ಡಿಲ್ಲ, ಹಾಗಾಗಿ ರಿಜಿಸ್ಟರಿನಲ್ಲಿ ಇಲ್ಲ. ಈ ಲೂಪ್ ಕಡಿಯೋಕೆ ಯಾರಾದರೂ ಬೇಕಂತಲೇ ಹುಡುಕಬೇಕು. 2019ರಲ್ಲಿ ಶುರುವಾದ ರಾಷ್ಟ್ರೀಯ ಪ್ರಾಣಿರೋಗ ನಿಯಂತ್ರಣ ಕಾರ್ಯಕ್ರಮ ಕಾಲುಬಾಯಿ ಜ್ವರದ ಜೊತೆಗೆ ಬ್ರುಸೆಲ್ಲೋಸಿಸ್ಸನ್ನೂ ಆರಿಸಿಕೊಂಡಿದ್ದು ಈ ದೃಷ್ಟಿಯಿಂದ ಒಳ್ಳೇ ಕೆಲಸ.

ಹಂತ 6: ಪಟ್ಟಿಗೂ ಎಕ್ಸ್‌ಪೈರಿ ಡೇಟ್ ಇದೆ

ಹಿಂದೆ ಇಂಥ ಪಟ್ಟಿ ಮಾಡಿದ್ದರೆ ತುದಿಯಲ್ಲಿ ರಿಂಡರ್‌ಪೆಸ್ಟ್ ಇರ್ತಿತ್ತು, ನಮ್ಮವರು ದೊಡ್ಡರೋಗ ಅಂತಿದ್ದದ್ದು. ಒಂದೇ ರೋಗಕ್ಕೆ ಪಟ್ಟು ಹಿಡಿದು ಲಸಿಕೆ ಹಾಕಿ, 2011ರಲ್ಲಿ ಪ್ರಪಂಚದಿಂದಲೇ ಅದನ್ನು ತೆಗೆದುಹಾಕಿದರು. ಸರಿಯಾದ ಆದ್ಯತೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. ಮುಂದಿನ ಸರದಿ ಪಿಪಿಆರ್‌ದು, 2030ರ ಗುರಿ ಇಟ್ಟಿದ್ದಾರೆ. ಜಗಳೂರಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿ ಅಭಯಾರಣ್ಯ ಇದೆ. ಪಿಪಿಆರ್ ಕಾಡಿನ ಮೆಲುಕು ಹಾಕೋ ಪ್ರಾಣಿಗಳಿಗೂ ಬರಬಲ್ಲ ರೋಗ, ಆದ್ದರಿಂದ ಊರ ಕುರಿಗೆ ಲಸಿಕೆ ಹಾಕೋದು ಕಾಡಿಗೂ ಕಾವಲು.

ಉಲ್ಟಾ ಉದಾಹರಣೆ ಚರ್ಮಗಂಟು ರೋಗ. 2018ರಲ್ಲಿ ಪಟ್ಟಿ ಮಾಡಿದ್ದರೆ ಅದಕ್ಕೆ ಸೊನ್ನೆ, ಯಾಕಂದ್ರೆ ಭಾರತದಲ್ಲಿ ಅದು ಕಂಡಿದ್ದೇ 2019ರಲ್ಲಿ, ಒಡಿಶಾದಲ್ಲಿ. 2022ಕ್ಕೆ ನಮ್ಮ ರಾಜ್ಯವೂ ಸೇರಿ ದೇಶದ ಹಲವು ಕಡೆ ದನಗಳು ಸತ್ತವು. ಹಾಗಾಗಿ ಪಟ್ಟಿಯನ್ನು ಆಗಾಗ ಮತ್ತೆ ತೆರೆಯಬೇಕು. ಬೆಂಗಳೂರಿನ ಯಲಹಂಕದಲ್ಲಿರೋ ನಿವೇದಿ ಸಂಸ್ಥೆ ಹಳೇ ರೋಗದ ದಾಖಲೆ, ಮಳೆ, ಉಷ್ಣಾಂಶ ಎಲ್ಲ ಸೇರಿಸಿ ಯಾವ ಜಿಲ್ಲೆಯಲ್ಲಿ ಯಾವ ರೋಗ ಬರಬಹುದು ಅಂತ ಎರಡು ತಿಂಗಳು ಮೊದಲೇ ಮುನ್ಸೂಚನೆ ಕೊಡುತ್ತೆ. ಕಂಪ್ಯೂಟರ್ ಸೈನ್ಸ್‌ನವರೇ, ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕ್ತಾ ಇದ್ದೀರಾ?

ನಿಮಗೊಂದು ಅಭ್ಯಾಸ

ಹುಚ್ಚುನಾಯಿ ರೋಗವನ್ನು ಐದನೆಯದಾಗಿ ಸೇರಿಸಿ. ಲಕ್ಷಣ ಕಾಣಿಸಿದ ಮೇಲೆ ಬದುಕೋದು ಹೆಚ್ಚುಕಮ್ಮಿ ಅಸಾಧ್ಯ, ಆದರೆ ನಾಯಿಗೂ ಮನುಷ್ಯರಿಗೂ ಒಳ್ಳೆ ಲಸಿಕೆ ಇದೆ. ಎರಡೂ ಪಟ್ಟಿಯಲ್ಲಿ ಅದು ಎಲ್ಲಿ ಬರುತ್ತೆ? ಆಮೇಲೆ ಒಂದು ವೇಟ್ ಬದಲಾಯಿಸಿ ನೋಡಿ. ಸ್ಥಾನ ಅಲುಗಾಡದೆ ನಿಂತರೆ ಆ ತೀರ್ಮಾನವನ್ನು ನಂಬಬಹುದು. ಅಲುಗಾಡಿದರೆ, ರಜೆಗೆ ಊರಿಗೆ ಹೋದಾಗ ದನ-ಕುರಿ ಸಾಕಿರೋ ನಾಲ್ಕು ಮನೆಯವರನ್ನು ಕೇಳಿ, ಅವರು ಕೊಡೋ ವೇಟ್ ಹಾಕಿ ಮತ್ತೆ ಲೆಕ್ಕ ಮಾಡಿ. ಉತ್ತರ ನಮ್ಮ ಕ್ಲಬ್ಬಿಗೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಎಲ್ಲರ ಪಟ್ಟಿ ಪಕ್ಕಪಕ್ಕ ಇಟ್ಟು ನೋಡೋಣ.