ಬಾವಿಯ ಜಗಳವೂ ನದಿಯ ಜಗಳವೂ

ಗೆರಾರಿನ ತಗ್ಗಿನಲ್ಲಿ ಇಸಾಕನ ಆಳುಗಳು ಬಾವಿಗಳನ್ನು ತೋಡಿದ ಸಂಗತಿಯನ್ನು ನೀವು ಬಲ್ಲಿರಿ. ಮೊದಲನೆಯ ಬಾವಿಗೂ ಎರಡನೆಯದಕ್ಕೂ ಅಲ್ಲಿನ ಕುರುಬರು ಜಗಳಕ್ಕೆ ಬಂದರು, ಮೂರನೆಯದಕ್ಕೆ ಬರಲಿಲ್ಲ. ಇದನ್ನು ಓದಿಸುವಾಗ ನಾವು ಬಹುಕಾಲ ಇಸಾಕನ ತಾಳ್ಮೆಯನ್ನು ಮಾತ್ರ ಹೊಗಳುತ್ತಿದ್ದೆವು. ಆ ಅಧ್ಯಾಯವು ಬರಗಾಲದ ಮಾತಿನಿಂದಲೇ ಆರಂಭವಾಗುತ್ತದೆಂಬುದನ್ನು ಗಮನಿಸಿರಲಿಲ್ಲ. ಅದಲ್ಲದೆ ಇಸಾಕನಿಗೆ ಬಿಟ್ಟುಹೋಗಲು ಬೇರೆ ನೆಲವಿತ್ತು. ನಮ್ಮ ಸೀಮೆಯ ಬಡವನಿಗೆ ಅದೂ ಇಲ್ಲ.

ಲಕ್ಕವಳ್ಳಿಯಲ್ಲಿ ಭದ್ರಾ ನದಿಗೆ ಕಟ್ಟಿದ ಅಣೆಕಟ್ಟಿನಿಂದ ಹೊರಟ ಬಲದಂಡೆಯ ಕಾಲುವೆಯು ಬಹುದೂರ ಹರಿದು ದಾವಣಗೆರೆ ಹರಿಹರಗಳ ಗದ್ದೆಗಳಲ್ಲಿ ಕೊನೆಗಾಣುತ್ತದೆ. ಮೇಲಿನವರಿಗೆ ಅಡಿಕೆಯ ತೋಟಗಳು ಹೆಚ್ಚು. ಕೆಳಗಿನವರಿಗೆ ಭತ್ತವೇ ಜೀವನ. 2023ರಲ್ಲಿ ಮುಂಗಾರು ಸೋತು, ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಸರಕಾರವು ಸಾರಿತು. ನಾಟಿಯಾದ ಭತ್ತಕ್ಕೆ ಎಡೆಬಿಡದೆ 100 ದಿನ ನೀರು ಬೇಕೆಂದು ದಾವಣಗೆರೆಯವರೂ, ಬೇಸಿಗೆಯಲ್ಲಿ ತೋಟ ಒಣಗದ ಹಾಗೆ ನೀರನ್ನು ಉಳಿಸಬೇಕೆಂದು ಶಿವಮೊಗ್ಗೆಯ ಕಡೆಯವರೂ ಹಟ ಹಿಡಿದರು. ಸಪ್ಟಂಬರ್ ತಿಂಗಳಲ್ಲಿ ದಾವಣಗೆರೆ ಬಂದ್ ಆಯಿತು. ಇಬ್ಬರ ಮಾತಿನಲ್ಲಿಯೂ ನ್ಯಾಯವುಂಟು: ಒಣಗಿದ ಅಡಿಕೆಯ ಮರವು ಮರಳಿ ಫಲ ಕೊಡಲು ವರುಷಗಳು ಬೇಕು, ಸುಟ್ಟುಹೋದ ಪೈರು ರೈತನ ಸಾಲವನ್ನು ಇಮ್ಮಡಿಸುತ್ತದೆ. ಆದರೆ ನಾಟಿ ಹಾಕಿ ಕಳೆ ಕೀಳುವ ಕೂಲಿಯವಳಿಗೆ ತೋಟವೂ ಇಲ್ಲ, ಗದ್ದೆಯೂ ಇಲ್ಲ. ನೀರು ನಿಂತ ದಿನವೇ ಅವಳ ಒಲೆಯೂ ನಿಲ್ಲುತ್ತದೆ. ನಮ್ಮ ಸಭೆಗಳಲ್ಲಿ ಅಂಥವರೇ ಹೆಚ್ಚಾಗಿರುವದರಿಂದ ಈ ಲೆಕ್ಕವನ್ನು ನಾವಾದರೂ ಮರೆಯಬಾರದಷ್ಟೆ.

ಹರಿಹರದ ಎದುರು ದಡದ ಸಂಗತಿಯು ಇನ್ನೂ ಹೆಚ್ಚು ಕಲಿಸುವಂಥದು. ಅಲ್ಲಿ ಕುಮಾರಪಟ್ಟಣದಲ್ಲಿರುವ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯಲ್ಲಿ ಮರದ ತಿರುಳನ್ನು ತಯಾರಿಸುತ್ತಾರೆ. ಅದರಿಂದ ಬಟ್ಟೆಯ ನೂಲಾಗುತ್ತದೆ. ಸಾವಿರಾರು ಮಂದಿಗೆ ಅದರಿಂದ ಅನ್ನ ದೊರಕಿತು. ಆದರೆ ಅದರ ಕೊಳೆನೀರಿನಿಂದ ತುಂಗಭದ್ರೆಯ ಮೀನುಗಳು ಸತ್ತವೆಂದೂ, ಕೆಳಗಿನ ಹಳ್ಳಿಗಳವರ ಆರೋಗ್ಯ ಕೆಟ್ಟಿತೆಂದೂ ದೂರು ಎದ್ದು, 1984ರಿಂದ ಧಾರವಾಡದ ಸಮಾಜ ಪರಿವರ್ತನ ಸಮುದಾಯವು ಹೋರಾಟಕ್ಕೆ ನಿಂತಿತು. ಬಲೆ ಹಿಡಿದ ಬಡವನೂ ಕಾರ್ಖಾನೆಯಲ್ಲಿ ದುಡಿಯುವ ಬಡವನೂ ಎದುರುಬದುರಾಗುವ ಹಾಗಾಯಿತು. ಇದೇ ಅತಿ ಕಠಿನವಾದ ಕಲಹವೆಂದು ನಮ್ಮ ಅಭಿಪ್ರಾಯ.

ಅದೇ 1984ರಲ್ಲಿ ಸರಕಾರವೂ ಆ ಕಾರ್ಖಾನೆಯೂ ಪಾಲು ಸೇರಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪನಿಯನ್ನು ಕಟ್ಟಿ, ನೀಲಗಿರಿ ಮೊದಲಾದ ಮರಗಳನ್ನು ಬೆಳೆಸುವದಕ್ಕಾಗಿ ಸುಮಾರು 75,000 ಎಕರೆ ನೆಲವನ್ನು ಗೊತ್ತುಮಾಡಿದರು. ಕಾಗದದಲ್ಲಿ ಅದು ಸರಕಾರದ ನೆಲ. ಹಳ್ಳಿಯವರಿಗಾದರೋ ದನ ಮೇಯುವ, ಸೌದೆ ಆರಿಸುವ ಬಯಲು. ನೀಲಗಿರಿಯ ಎಲೆಯನ್ನು ದನವು ಮೂಸಿಯೂ ನೋಡದು. ಇಂಥ ಕೋಪವು ರಾತ್ರಿ ಬೆಂಕಿಯಿಡುವದರಲ್ಲಿ ಮುಗಿಯಬಹುದಾಗಿತ್ತು. ಹಾಗಾಗಲಿಲ್ಲ. 1987ನೇ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ಜನರು ಕೂಡಿ ನೂರು ನೀಲಗಿರಿ ಸಸಿಗಳನ್ನು ಕಿತ್ತು, ಅವುಗಳ ಜಾಗದಲ್ಲಿ ಊರಿಗೆ ಉಪಯೋಗವಾಗುವ ಗಿಡಗಳನ್ನು ನೆಟ್ಟರು. ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹವೆಂದು ಅದಕ್ಕೆ ಹೆಸರು. ನೂರೇ ಸಸಿಗಳು ಎಂಬುದನ್ನು ನೋಡಿರಿ. ಹಾಳುಮಾಡುವದೇ ಉದ್ದೇಶವಾಗಿದ್ದರೆ ಎಣಿಸುತ್ತಿದ್ದರೇ? ಶಿವರಾಮ ಕಾರಂತರನ್ನು ಮುಂದಿಟ್ಟುಕೊಂಡು ಸುಪ್ರೀಂ ಕೋರ್ಟಿಗೂ ಅರ್ಜಿ ಹೋಗಿತ್ತು. 1991ರಲ್ಲಿ ಆ ಕಂಪನಿಯು ಮುಚ್ಚಿತು.

ಕಾಲುವೆಯ ಜಗಳಕ್ಕೆ ಇಂಥ ಮುಕ್ತಾಯ ಸುಲಭವಲ್ಲ, ಯಾಕಂದರೆ ಅಲ್ಲಿ ಎದುರಾಳಿಯೂ ರೈತನೇ. ಆದರೂ ಹಿಂದಿನ ಒಂದು ಪದ್ಧತಿಯನ್ನು ನೆನಸುತ್ತೇವೆ. ಕೆರೆಯ ಕೆಳಗಿನ ಊರುಗಳಲ್ಲಿ ನೀರುಗಂಟಿ ಎಂಬವನಿದ್ದನು. ತೂಬು ತೆರೆಯುವದೂ, ಯಾರ ಗದ್ದೆಗೆ ಎಷ್ಟು ಹೊತ್ತು ನೀರೆಂದು ಸರದಿ ನಡಿಸುವದೂ ಅವನ ಕೆಲಸ. ಸುಗ್ಗಿಯಲ್ಲಿ ಕಣದಿಂದ ಧಾನ್ಯ ಅವನ ಕೂಲಿ. ಬಹಳ ಊರುಗಳಲ್ಲಿ ಅವನು ನಮ್ಮ ಕೇರಿಗಳಂಥ ಬಡ ಕೇರಿಯವನೇ. ಈಗ ಆ ಕೆಲಸವನ್ನು ನೀರು ಬಳಕೆದಾರರ ಸಂಘಗಳು ಮಾಡಬೇಕಾಗಿವೆ. ಭೂಮಿಯುಳ್ಳವರೇ ಅವುಗಳ ಸದಸ್ಯರು. ನಿಮ್ಮೂರಿನ ನೀರುಗಂಟಿಯು ಬರದ ವರುಷದಲ್ಲಿ ಸರದಿಯನ್ನು ಹೇಗೆ ಇಡುತ್ತಿದ್ದನೆಂದು ಬಲ್ಲ ಮುದುಕರು ಇನ್ನೂ ಇದ್ದರೆ, ಈ ತಿಂಗಳೇ ಅವರನ್ನು ಕೇಳಿ ಬರೆದುಕೊಂಡು, ನಾಲೆಯಲ್ಲಿ ನೀರು ಬಿಡುವ ಮುಂಚೆ ಸಂಘದವರ ಮುಂದೆ ಅದನ್ನು ಓದಿರಿ.