ಎರಡು ವರ್ಷದ ಹಾಲು ಮತ್ತು ತಂದೆಯ ಹೊಣೆ

ವರ್ತಕರ ತಂಡವೊಂದು ಮದೀನಾಕ್ಕೆ ಬಂದು ಬೀಡುಬಿಟ್ಟಿತ್ತು. ಅಂದು ರಾತ್ರಿ ಅವರ ಕಾವಲಿಗೆ ಖಲೀಫಾ ಉಮರ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ) ನಿಂತಿದ್ದರು. ಸಮೀಪದಲ್ಲಿ ಒಂದು ಮಗು ಅಳುವುದು ಕೇಳಿಸಿತು. ಉಮರ್(ರ) ಹೋಗಿ, ಮಗುವನ್ನು ಸರಿಯಾಗಿ ನೋಡಿಕೊಳ್ಳುವಂತೆ ತಾಯಿಗೆ ಹೇಳಿ ಬಂದರು. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅಳು. ಮತ್ತೆ ಹೋದರು. ರಾತ್ರಿಯ ಕೊನೆಯ ಜಾವದಲ್ಲೂ ಅಳು ನಿಲ್ಲದಿದ್ದಾಗ ಅವರು ಆ ತಾಯಿಯನ್ನು ಗದರಿದರು. ಎದುರಿಗಿರುವವರು ಯಾರೆಂದು ಅರಿಯದ ಆಕೆ ನಿಜ ಸಂಗತಿ ಹೇಳಿಬಿಟ್ಟಳು: ಮಗುವಿಗೆ ಹಾಲು ಬಿಡಿಸುತ್ತಿದ್ದೇನೆ, ಏಕೆಂದರೆ ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರೆ.

ಅಂದಿನ ಫಜ್ರ್ ನಮಾಝಿನಲ್ಲಿ ಅವರ ಅಳುವಿನಿಂದಾಗಿ ಕುರ್‌ಆನ್ ಪಾರಾಯಣ ಜನರಿಗೆ ಸ್ಪಷ್ಟವಾಗಿ ಕೇಳಿಸಲಿಲ್ಲವಂತೆ. ನಮಾಝ್ ಮುಗಿದೊಡನೆ ಅವರು, ಹಾಲು ಬಿಡಿಸಲು ಆತುರಪಡಬೇಡಿರಿ, ಇನ್ನು ಮುಂದೆ ಹುಟ್ಟಿದ ಪ್ರತಿ ಮಗುವಿಗೂ ಭತ್ಯೆ ಇದೆ ಎಂದು ಸಾರಿಸಿದರು. ಇತರ ಪ್ರಾಂತಗಳಿಗೂ ಈ ಆಜ್ಞೆ ಹೋಯಿತು. ಇಬ್ನು ಸಅದ್‌ರ 'ತಬಕಾತ್' ಗ್ರಂಥದಲ್ಲಿ ಈ ಪ್ರಸಂಗ ಬಂದಿದೆ.

ಗಮನಿಸಿರಿ, ನಿಜ ಸಂಗತಿ ತಿಳಿದ ಮೇಲೆ ಅವರು ಆ ತಾಯಿಯನ್ನು ದೂಷಿಸಲಿಲ್ಲ. ಆಕೆಯ ಎದೆಹಾಲು ನಿಲ್ಲುವಂತೆ ಮಾಡಿದ ಕಾರಣವನ್ನು ಹುಡುಕಿ ತೆಗೆದರು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ವ್ಯತಿರಿಕ್ತ. ಮಗು ಎರಡು ರಾತ್ರಿ ಅತ್ತರೆ ಸಾಕು, "ಇವಳಿಗೆ ಹಾಲು ಸಾಲದು" ಎಂಬ ತೀರ್ಪು ಬರುತ್ತದೆ, ಅಂಗಡಿಯಿಂದ ಹಾಲಿನ ಪುಡಿಯ ಡಬ್ಬಿ ಬರುತ್ತದೆ. ಆಕೆಯ ಊಟದ ತಟ್ಟೆಯಲ್ಲಿ ಏನಿದೆ ಎಂದು ನೋಡಿದವರು ಯಾರು?

ಅಲ್ ಬಕರ ಅಧ್ಯಾಯದ 233ನೇ ಸೂಕ್ತವನ್ನು ಓದಿರಿ. ಹಾಲೂಡಿಸುವ ಅವಧಿಯನ್ನು ಪೂರ್ತಿಗೊಳಿಸಬಯಸುವವರಿಗೆ ಅಲ್ಲಿ ಎರಡು ಪೂರ್ಣ ವರ್ಷಗಳನ್ನು ಹೇಳಲಾಗಿದೆ. ಅದರ ಬೆನ್ನಿಗೇ, ತಾಯಿಯ ಅನ್ನ ಮತ್ತು ಬಟ್ಟೆಯ ಹೊಣೆ ತಂದೆಯದೆಂದೂ ಹೇಳಲಾಗಿದೆ. ಬೇಗ ಹಾಲು ಬಿಡಿಸುವುದಾದರೆ ಅದು ಇಬ್ಬರ ಒಪ್ಪಿಗೆ ಮತ್ತು ಸಮಾಲೋಚನೆಯಿಂದ ಆಗಬೇಕು. ಇದು ವಿಶೇಷವಾಗಿ ವಿಚ್ಛೇದಿತ ತಾಯಂದಿರ ಕುರಿತಾದ ಸೂಕ್ತವೆಂದು ಅನೇಕ ವ್ಯಾಖ್ಯಾನಕಾರರು ಬರೆದಿದ್ದಾರೆ. ಮನೆ ಬಿಟ್ಟು ಹೋದವಳಿಗೇ ಇಷ್ಟು ಹಕ್ಕಿದ್ದರೆ ನಿಮ್ಮ ಮನೆಯಲ್ಲೇ ಇರುವವಳಿಗೆ ಎಷ್ಟಿರಬೇಕು!

ಹೆರಿಗೆಯಾದ ಒಂದು ಗಂಟೆಯೊಳಗೆ ಮಗುವಿಗೆ ಎದೆಹಾಲು ಸಿಗಬೇಕು. ಮೊದಲ ದಿನಗಳ ಹಳದಿ, ಮಂದ ಹಾಲನ್ನು "ಕೆಟ್ಟ ಹಾಲು" ಎಂದು ಹಿಂಡಿ ಚೆಲ್ಲುವ ಹಿರಿಯರು ಇನ್ನೂ ಇದ್ದಾರೆ. ರೋಗಗಳನ್ನು ತಡೆಯುವ ಶಕ್ತಿ ಹೆಚ್ಚಾಗಿರುವುದು ಅದರಲ್ಲೇ. ಇನ್ನು ಕೆಲವರು ತಹ್ನೀಕ್ ಎಂದು ಜೇನುತುಪ್ಪ ನೆಕ್ಕಿಸುತ್ತಾರೆ. ಅಸ್ಮಾ(ರ)ರ ಮಗ ಅಬ್ದುಲ್ಲಾರಿಗೆ ಪ್ರವಾದಿವರ್ಯರು(ಸ) ತಹ್ನೀಕ್ ಮಾಡಿದ್ದು ಖರ್ಜೂರದಿಂದ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೊಡಲೇಬಾರದು. ಅದರಲ್ಲಿರಬಹುದಾದ ಒಂದು ಬಗೆಯ ರೋಗಾಣು, ಅಪರೂಪಕ್ಕಾದರೂ, ಮಗುವಿನ ಸ್ನಾಯುಗಳನ್ನು ನಿಶ್ಚಲಗೊಳಿಸಿ ಉಸಿರಿಗೇ ಕುತ್ತು ತರುತ್ತದೆ. ತಹ್ನೀಕ್ ಮಾಡಬಯಸುವವರು ಸಾಬೂನಿನಿಂದ ತೊಳೆದ ಬೆರಳಲ್ಲಿ ಖರ್ಜೂರದ ರಸವನ್ನು ಅಂಗುಳಕ್ಕೆ ತಾಗಿಸಿದರೆ ಸಾಕು. ಖರ್ಜೂರದ ಚೂರು ಬಾಯಲ್ಲಿ ಉಳಿಯಬಾರದು. ಮಗು ತೂಕ ಕಡಿಮೆಯಿದ್ದರೆ ಮೊದಲು ವೈದ್ಯರನ್ನು ಕೇಳಿರಿ.

ಆರು ತಿಂಗಳ ತನಕ ಎದೆಹಾಲಲ್ಲದೆ ಬೇರೇನೂ ಬೇಡ, ಬೇಸಿಗೆಯಲ್ಲಿ ನೀರೂ ಬೇಡ. ಎದೆಹಾಲಿನ ಬಹುಪಾಲು ನೀರೇ ತಾನೆ? ವೈದ್ಯರು ಕೊಟ್ಟ ಔಷಧಿ ಇದಕ್ಕೆ ಹೊರತು. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿ, ತೂಕ ಏರುತ್ತಿದ್ದರೆ ಹಾಲು ಸಾಲುತ್ತಿದೆ ಎಂದರ್ಥ. ನಿಜವಾಗಿಯೂ ಹಾಲೂಡಿಸಲಾಗದ ತಾಯಂದಿರೂ ಇದ್ದಾರೆ. ಅವರನ್ನು ಚುಚ್ಚಿ ಮಾತಾಡುವುದು ಪಾಪ, ವೈದ್ಯರ ಬಳಿ ಕರೆದೊಯ್ಯಿರಿ. ಆದರೆ ಡಬ್ಬಿಯನ್ನು ಯಾರೋ ಹೊಗಳಿದರೆಂದು ತರಬೇಡಿರಿ. ಶಿಶು ಹಾಲಿನ ಪುಡಿಯ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾನೂನು ಸುಮ್ಮನೆ ನಿಷೇಧಿಸಲಿಲ್ಲ.

ಆರು ತಿಂಗಳ ಬಳಿಕ ಇನ್ನೊಂದು ತಪ್ಪು ಆರಂಭವಾಗುತ್ತದೆ. ವರ್ಷವಾದರೂ ಬರೀ ಹಾಲು, ಇಲ್ಲವೇ ತೆಳು ಗಂಜಿನೀರು. ಮಗುವಿನ ಹೊಟ್ಟೆ ಚಿಕ್ಕದು, ನೀರಿನಿಂದಲೇ ತುಂಬಿದರೆ ಬೆಳೆಯುವುದೆಂತು? ಚಮಚದಿಂದ ಜಾರದಷ್ಟು ಗಟ್ಟಿಯಾದ ರಾಗಿ ಮಣ್ಣಿ, ಕಿವುಚಿದ ಅನ್ನ-ಬೇಳೆ, ಬಾಳೆಹಣ್ಣು, ಚೆನ್ನಾಗಿ ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು ಕೊಡಿರಿ. ಮೊದಲು ದಿನಕ್ಕೆ ಎರಡು ಮೂರು ಸಲ, ಒಂಬತ್ತು ತಿಂಗಳಿನಿಂದ ಮೂರು ನಾಲ್ಕು ಸಲ. ಜೊತೆಗೆ ಎದೆಹಾಲು ಮುಂದುವರಿಯಲಿ.

ಇನ್ನು ತಾಯಿಯ ತಟ್ಟೆ. ಬಾಣಂತಿಗೆ ಪಥ್ಯವೆಂದು ನೀರು ಕಡಿಮೆ ಮಾಡಿ, ಸೊಪ್ಪು-ಹಣ್ಣು ಬಿಡಿಸಿ, ಅನ್ನ ಮತ್ತು ಮೆಣಸಿನ ಸಾರಿನಲ್ಲಿ ನಲ್ವತ್ತು ದಿನ ಕಳೆಸುವುದು ಶರೀಅತ್ತಿನಲ್ಲೂ ಇಲ್ಲ, ವೈದ್ಯಶಾಸ್ತ್ರದಲ್ಲೂ ಇಲ್ಲ. ಆಕೆ ಮಾಮೂಲಿಗಿಂತ ಹೆಚ್ಚು ಉಣ್ಣಬೇಕು. ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ಕೊಡುವ ಕಬ್ಬಿಣಾಂಶದ ಮಾತ್ರೆಗಳನ್ನು ಹೆರಿಗೆಯ ನಂತರ 180 ದಿನ ತೆಗೆದುಕೊಳ್ಳಬೇಕು. ಆ ಮಾತ್ರೆಗಳು ಕಪಾಟಿನಲ್ಲೇ ಉಳಿದಿವೆಯೋ ಎಂದು ಇವತ್ತೇ ನೋಡಿರಿ, ಸಹೋದರರೇ. ರಮಝಾನಿನಲ್ಲಿ ಹಾಲೂಡಿಸುವ ತಾಯಿ ತನಗೋ ಮಗುವಿಗೋ ತೊಂದರೆಯಾದೀತೆಂದು ಉಪವಾಸ ಬಿಟ್ಟರೆ "ಎಲ್ಲರೂ ಹಿಡಿದಿದ್ದಾರೆ, ನಿನಗೇನು?" ಎಂದು ಕೇಳಬೇಡಿರಿ. ಪ್ರವಾದಿವರ್ಯರು(ಸ) ಆ ರಿಯಾಯಿತಿಯನ್ನು ತಿಳಿಸಿ ಹೋಗಿದ್ದಾರೆ. ಅದರ ಕಝಾ ಕುರಿತು ಬಲ್ಲ ವಿದ್ವಾಂಸರನ್ನು ಕೇಳಿಕೊಳ್ಳಬಹುದು.

ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಗುವಿನ ತೂಕ ನೋಡಿ ಕಾರ್ಡಿನಲ್ಲಿ ಗುರುತು ಹಾಕುತ್ತಾರೆ. ಆ ದಿನ ತಾಯಿಯೊಬ್ಬಳನ್ನೇ ಕಳುಹಿಸದೆ ತಂದೆಯೂ ಹೋಗಲಿ. ಎರಡು ತಿಂಗಳು ಗೆರೆ ಮೇಲೇರದಿದ್ದರೆ, ಒಂಬತ್ತು ತಿಂಗಳಾದರೂ ಮಗು ಆಧಾರವಿಲ್ಲದೆ ಕೂರದಿದ್ದರೆ, ಒಂದೂವರೆ ವರ್ಷವಾದರೂ ನಡೆಯದಿದ್ದರೆ, "ನಮ್ಮ ಕುಟುಂಬದಲ್ಲಿ ಮಕ್ಕಳೆಲ್ಲ ತಡವೇ" ಎಂದು ಕಾಯದೆ ಮಕ್ಕಳ ವೈದ್ಯರಿಗೆ ತೋರಿಸಿರಿ.